ಮೆಣಸಿನ ಸಸಿ, ಮುಚ್ಚಿಹೋದ ನಂಬರ್

ಜೂನ್ ಕೊನೆಯ ಒಂದು ಬೆಳಿಗ್ಗೆ ಹದಿನಾಲ್ಕು ಪೇಜುಗಳಲ್ಲಿ ಒಂದೇ ನೀಲಿ ಗುಂಡಿಯನ್ನು ಹದಿನಾಲ್ಕು ಸಲ ಒತ್ತಿದೆ. ಮೇಲೆ ಏನು ಬರೆದಿದೆ ಎಂದು ಓದಲಿಲ್ಲ. ಇಂಗ್ಲಿಷಿನಲ್ಲಿ ಉದ್ದಕ್ಕೆ ಇತ್ತು. ನಾನು ಓದಿದ್ದು ಎಂಟನೇ ಕ್ಲಾಸು. ಓದುತ್ತಾ ಕುಳಿತರೆ ಮಧ್ಯಾಹ್ನವಾಗುತ್ತಿತ್ತು. ಒತ್ತಿದರೆ ಪೇಜಿಗೆ ಅಡ್ಡ ಬಂದಿದ್ದ ಆ ಚೌಕ ಮಾಯವಾಗುತ್ತಿತ್ತು. ಒತ್ತಿದೆ.

ನನ್ನ ಕೆಲಸ ಹೊಸಪೇಟೆಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ. ಬೋರ್ಡು, ಬ್ಯಾನರ್ ಡಿಸೈನ್ ಮಾಡುತ್ತೇನೆ. ಬೋರ್ಡು ಮಾಡಿಸಲು ಬಂದವರಿಗೆ ಫೋನಿನಲ್ಲಿ ನೋಡುವ ವ್ಯಾಪಾರದ ಪೇಜನ್ನೂ ಮಾಡಿಕೊಡುತ್ತೇನೆ. ಹಂಪಿಯಲ್ಲಿ ರೂಮು ಬಾಡಿಗೆಗೆ ಕೊಡುವವರು, ಕಡ್ಡಿರಾಂಪುರದ ರಸ್ತೆ ಬದಿಯ ಹೋಟೆಲು, ಸಂಡೂರಿನ ಟೈರ್ ಅಂಗಡಿ, ಹೀಗೆ ಹದಿನಾಲ್ಕು. ಅದರಲ್ಲಿ ಒಂದು ಕಂಪ್ಲಿ ರಸ್ತೆಯ ಮೆಣಸಿನಕಾಯಿ ಸಸಿ ನರ್ಸರಿ. ನಡೆಸುವವರು ಒಬ್ಬ ಹೆಂಗಸು, ನಲವತ್ತೈದರ ಆಸುಪಾಸು. ನಾನು ಅಕ್ಕ ಅನ್ನುತ್ತೇನೆ.

ನಾನು ಪೇಜನ್ನೂ ಬೋರ್ಡಿನ ಹಾಗೆಯೇ ಮಾಡುತ್ತಿದ್ದೆ. ಬೋರ್ಡಿನಲ್ಲಿ ಖಾಲಿ ಜಾಗ ಬಿಟ್ಟರೆ ಗಿರಾಕಿ ಬೈಯುತ್ತಾನೆ. ದುಡ್ಡು ತೆಗೆದುಕೊಳ್ಳುವುದು ಚದರಡಿ ಲೆಕ್ಕಕ್ಕೆ, ಖಾಲಿ ಯಾಕೆ ಬಿಟ್ಟೆ ಅನ್ನುತ್ತಾನೆ. ಅದೇ ಕೈ ಇಲ್ಲೂ ಓಡಿತು. ಅಕ್ಕನ ಪೇಜಿನ ಮೇಲ್ಗಡೆಯ ದೊಡ್ಡ ಚಿತ್ರದಲ್ಲಿ ಎಲ್ಲಾ ತುಂಬಿದ್ದೆ. ನರ್ಸರಿ ಹೆಸರು, ತಳಿಗಳ ಪಟ್ಟಿ, ದಾರಿ ನಕ್ಷೆ, ಒಂದು ಕೆಂಪು ಬಾಣ, ಕೆಳಗೆ ಎಡಗಡೆ ಹಳದಿ ಅಕ್ಷರದಲ್ಲಿ ಫೋನ್ ನಂಬರ್. ಚಿತ್ರದ ಕೆಳಗೆ ಮೂರು ವಿಭಾಗ ಮಾಡಿದ್ದೆ: ಇಂದಿನ ಸಸಿ, ತಳಿ, ದಾರಿ. ಒತ್ತಿದರೆ ನೇರ ಅಕ್ಕನಿಗೆ ಕರೆ ಹೋಗುವ ಗುಂಡಿ ಇಟ್ಟಿದ್ದೆ. ಸಸಿಗೆ ಎಷ್ಟು ದಿನವಾಯಿತು ಎಂದು ಹೇಳುವ ಪೋಸ್ಟನ್ನು ಎಲ್ಲಕ್ಕಿಂತ ಮೇಲೆ ಸಿಕ್ಕಿಸಿದ್ದೆ.

ಎರಡು ವರ್ಷ ಅದು ಚೆನ್ನಾಗಿ ನಡೆಯಿತು. ರೈತರು ನಂಬರ್ ಬರೆದಿಟ್ಟುಕೊಳ್ಳುವ ಗೋಜಿಗೆ ಹೋಗಲಿಲ್ಲ. ಪೇಜು ತೆರೆದರು, ಗುಂಡಿ ಒತ್ತಿದರು, ಮಾತಾಡಿದರು. ಮೊದಲು ಅಕ್ಕ ಸಸಿ ಮಾರುತ್ತಿದ್ದದ್ದು ಏಜೆಂಟರ ಮೂಲಕ. ಪೇಜು ನಡೆದ ಮೇಲೆ ಅವರನ್ನು ಬಿಟ್ಟರು. ಏಜೆಂಟರಿಗೆ ಸಿಟ್ಟು ಬಂತು. ಬರಲಿ ಅಂದರು ಅಕ್ಕ.

ಈ ಸಲ ಅವರು ಮೂರು ಸಾವಿರ ಟ್ರೇ ಬಿತ್ತಿದ್ದರು. ಸುಮಾರು ಮೂರು ಲಕ್ಷ ಸಸಿ. ಹಿಂದೆಂದೂ ಅಷ್ಟು ಹಾಕಿರಲಿಲ್ಲ. ಮೆಣಸಿನಕಾಯಿ ಸಸಿ ನಲವತ್ತು ದಿನಕ್ಕೆ ಹೊಲಕ್ಕೆ ಹೋಗಬೇಕು. ನಲವತ್ತೈದು ಆದರೆ ನಡೆಯುತ್ತದೆ. ಅದು ದಾಟಿದರೆ ಉದ್ದಕ್ಕೆ ಬೆಳೆದು ಬಾಗುತ್ತದೆ, ಯಾರೂ ಮುಟ್ಟುವುದಿಲ್ಲ, ತಿಪ್ಪೆಗೆ ಹೋಗುತ್ತದೆ.

ಜುಲೈ ಎರಡನೇ ವಾರ ಅಕ್ಕನ ಫೋನ್ ಬಂತು.

“ಲೇ ತಮ್ಮಾ, ನಿನ್ನ ಪೇಜ್ ಸತ್ತೈತೇನ?”

“ಯಾಕ್ರಿ ಅಕ್ಕಾ?”

“ಹನ್ನೆರಡ ದಿನ ಆತು, ಸಸಿ ಕೇಳಿ ಒಂದ್ ಫೋನ್ ಬಂದಿಲ್ಲ. ಒಂದಂದ್ರ ಒಂದು.”

“ಮಳಿ ಇಲ್ರಿ. ಕಾಲುವಿಗೆ ನೀರೂ ಬಿಟ್ಟಿಲ್ಲ. ಅದಕ್ಕ ಇರಬೇಕು.”

“ಮಳಿ ಮ್ಯಾಲ ಹಾಕಬ್ಯಾಡ. ಸಸಿ ಮೂವತ್ನಾಕ ದಿನದ್ದಾದ್ವು. ನೋಡು ಜಲ್ದಿ.”

ಹಳೇ ಗಿರಾಕಿಗಳಿಗೆ ನೀವೇ ಫೋನ್ ಮಾಡಿ ಅನ್ನೋಣವೆಂದರೆ, ಅವರ ನಂಬರುಗಳೆಲ್ಲ ಬೇಸಿಗೆಯಲ್ಲಿ ಅಕ್ಕನ ಹಳೇ ಫೋನಿನ ಜೊತೆ ನೀರಿನ ತೊಟ್ಟಿಗೆ ಬಿದ್ದು ಹೋಗಿದ್ದವು.

ಅಂಗಡಿಯ ಕಂಪ್ಯೂಟರಿನಲ್ಲಿ ಪೇಜು ತೆರೆದೆ. ಮೇಲಿನ ಚಿತ್ರ ಇತ್ತು. ನಂಬರ್ ಇತ್ತು. ಆದರೆ ಮೂರು ವಿಭಾಗ ಇರಲಿಲ್ಲ. ಮೇಲೆ ಸಿಕ್ಕಿಸಿದ್ದ ಪೋಸ್ಟು ಕೆಳಗೆ ಎಲ್ಲೋ ಹೋಗಿತ್ತು. ಆಗ ನೀಲಿ ಗುಂಡಿ ನೆನಪಾಯಿತು. ಪೇಜುಗಳಿಗೆ ಜಾಗ ಕೊಡುವ ಕಂಪನಿಯವರು ಅವುಗಳ ರೂಪವನ್ನೇ ಬದಲಾಯಿಸಿದ್ದರು. ಒಪ್ಪಿಗೆಯೇ ಎಂದು ಕೇಳಿದ್ದರು. ನಾನು ಒಪ್ಪಿದ್ದೆ.

ಉಳಿದ ಹದಿಮೂರು ಪೇಜೂ ಹಾಗೇ ಆಗಿದ್ದವು. ಆದರೆ ಕಡ್ಡಿರಾಂಪುರದ ಹೋಟೆಲಿಗೆ ಜನ ರಸ್ತೆಯಿಂದ ಬರುತ್ತಾರೆ. ಹಂಪಿಯ ರೂಮಿಗೆ ಬೇರೆ ಕಡೆಯಿಂದಲೂ ಬುಕಿಂಗ್ ಇದೆ. ಯಾರೂ ಫೋನ್ ಮಾಡಿ ಕೇಳಿರಲಿಲ್ಲ. ಪೂರ್ತಿ ಪೇಜನ್ನೇ ನಂಬಿಕೊಂಡು ಕುಳಿತಿದ್ದವರು ಅಕ್ಕ ಒಬ್ಬರೇ.

ವಿಭಾಗ ಹೋಗಿದ್ದಕ್ಕೇ ಜನ ಬರುತ್ತಿಲ್ಲ ಎಂದು ನಾನು ತಿಳಿದೆ. ಅಲ್ಲೇ ಎಡವಿದ್ದು. ಹಳೇ ರೂಪಕ್ಕೆ ವಾಪಸ್ ಹೋಗುವ ದಾರಿ ಹುಡುಕಿದೆ. ಹಿಂದಿ ವಿಡಿಯೋ ನೋಡಿದೆ. ಅವರು ತೋರಿಸುವ ಜಾಗದಲ್ಲಿ ಆ ಆಯ್ಕೆ ನನಗೆ ಇರಲೇ ಇಲ್ಲ. ಕಂಪನಿಯ ಸಹಾಯಕ್ಕೆ ಬರೆದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂದು ಮೆಷಿನ್ ಉತ್ತರ ಕೊಟ್ಟಿತು. ಆಮೇಲೆ ಮೇಲಿನ ಚಿತ್ರವನ್ನೇ ಇನ್ನೂ ಜೋರಾಗಿ ಮಾಡಿದೆ. ಬಾಣ ದಪ್ಪ ಮಾಡಿದೆ. ಹಳದಿ ನಂಬರಿಗೆ ಕಪ್ಪು ಅಂಚು ಕೊಟ್ಟೆ. ದುಡ್ಡು ಹಾಕಿ ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸಿದೆ. ಹೆಚ್ಚು ಜನ ನೋಡಿದ್ದು ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಫೋನ್ ಮಾತ್ರ ಬರಲಿಲ್ಲ.

ಐದು ದಿನ ಹೋಯಿತು. ಸಸಿಗೆ ಮೂವತ್ತೊಂಬತ್ತು ದಿನ.

ಆ ದಿನ ಚೋರನೂರಿನ ಗೊಬ್ಬರದ ಅಂಗಡಿಗೆ ಬೋರ್ಡು ಕಟ್ಟುವ ಕೆಲಸವಿತ್ತು. ಹಿಂದಿನ ದಿನ ಅಲ್ಲಿ ಒಳ್ಳೆ ಮಳೆ ಬಿದ್ದಿತ್ತು. ಬೋರ್ಡು ಕಟ್ಟಿ ಟೀ ಅಂಗಡಿಗೆ ಹೋದೆ. ಎಲ್ಲರ ಬಾಯಲ್ಲೂ ಸಸಿಯ ಮಾತೇ. ಯಾರೋ ಕಂಪ್ಲಿ ರಸ್ತೆಯ ನರ್ಸರಿ ಎಂದ. ನನ್ನ ಎದುರಿಗೆ ಕುಳಿತಿದ್ದ ವಯಸ್ಸಾದ ರೈತರೊಬ್ಬರು ಕೈ ಬೀಸಿದರು.

“ಆ ಹೆಣ್ಮಗಳ ಸಾವಾಸ ಬ್ಯಾಡಪ್ಪ. ಭಾಳ ಸೊಕ್ಕು ಬಂದೈತಿ ಆಕಿಗೆ. ಮೂರ್ ಸಲ ಕೇಳೀನಿ. ಒಂದ್ ಮಾತಿನ ಉತ್ರ ಇಲ್ಲ.”

ನನಗೆ ಸುಮ್ಮನಿರಲು ಆಗಲಿಲ್ಲ.

“ಅಕ್ಕ ಅಂಥಾಕಿ ಅಲ್ರಿ ಯಜಮಾನ್ರ. ಫೋನ್ ಹಚ್ರಿ, ಎತ್ತತಾಳ.”

“ಯಾವ ನಂಬರ್‌ಗೆ ಹಚ್ಲಿ? ನೀನ ಹೇಳು. ಬಾ ಇಲ್ಲಿ, ಕುಂದ್ರು.”

ಗಾಜು ಒಡೆದ ಫೋನ್ ತೆಗೆದರು. ಪೇಜು ತೆರೆದು ನನ್ನ ಮುಂದೆ ಹಿಡಿದರು. ನಾನು ಮಾಡಿದ ಪೇಜು ಅದಲ್ಲ ಎನ್ನಿಸಿತು. ಅಗಲವಾದ ಚಿತ್ರದ ಎರಡೂ ಪಕ್ಕ ಕತ್ತರಿಸಿ ಹೋಗಿತ್ತು. ನಕ್ಷೆ ಇಲ್ಲ. ಬಾಣ ಎತ್ತಲೋ ತೋರಿಸುತ್ತಿತ್ತು. ಹೆಸರಿನ ಪಕ್ಕ ಬರುವ ದುಂಡನೆಯ ಫೋಟೋ, ನಾನೇ ಬರೆದ ಮೆಣಸಿನಕಾಯಿ ಚಿತ್ರ, ಈಗ ಮೊದಲಿಗಿಂತ ದೊಡ್ಡದಾಗಿ ಎಡಗಡೆ ಮೇಲೇರಿ ಕುಳಿತಿತ್ತು. ನಂಬರ್ ಇದ್ದ ಜಾಗದ ಮೇಲೆ.

“ಎಣಸು,” ಅಂದರು. “ಎಷ್ಟ್ ಅಂಕಿ ಕಾಣ್ತಾವ?”

“ಐದ್ರಿ.”

“ಉಳದ ಐದು?”

ನಾನು ಗಾಜಿನ ಮೇಲೆ ಬೆರಳಿಟ್ಟು ದುಂಡು ಫೋಟೋವನ್ನು ಪಕ್ಕಕ್ಕೆ ಸರಿಸಲು ನೋಡಿದೆ.

“ನಿಮ್ಮಕ್ಕನ ಮೆಣಸಿನಕಾಯಿ ತಿಂದೈತಿ,” ಅಂದರು. ಟೀ ಅಂಗಡಿಯೆಲ್ಲಾ ನಕ್ಕಿತು.

ಕರೆ ಮಾಡುವ ಗುಂಡಿಯೂ ಇರಲಿಲ್ಲ. ಆ ಜಾಗದಲ್ಲಿ ಸಂದೇಶ ಕಳಿಸುವ ಗುಂಡಿ ಬಂದಿತ್ತು. ಅವರು ಅದನ್ನೇ ಒತ್ತಿ ಬಾಯಿಂದ ಹೇಳಿ ಮೂರು ಸಲ ಕಳಿಸಿದ್ದರು: ಸಸಿ ಅದಾವೇನ್ರಿ? ಸಸಿ ಅದಾವೇನ್ರಿ? ಹೌದು ಅಲ್ಲ ಹೇಳ್ರಿ.

ನನ್ನ ಫೋನ್ ತೆಗೆದೆ. ಪೇಜು ನಡೆಸುವವನು ನಾನು, ಅದಕ್ಕೆ ನನಗೆ ಆ ಜಾಗದಲ್ಲಿ ತಿದ್ದುವ ಗುಂಡಿ ಕಾಣುತ್ತಿತ್ತು. ರೈತರಿಗೆ ಕಾಣುವುದು ನನಗೆ ಕಾಣುತ್ತಲೇ ಇರಲಿಲ್ಲ. ಸಂದೇಶದ ಪೆಟ್ಟಿಗೆಗೆ ಹೋದೆ. ಖಾಲಿ. ಒಳಗೆ ಇನ್ನೊಂದು ಪೆಟ್ಟಿಗೆ ಇತ್ತು, ಗುರುತಿಲ್ಲದವರು ಕಳಿಸಿದ್ದೆಲ್ಲ ಅಲ್ಲಿ ಬೀಳುತ್ತದೆ. ನಾನು ಅದನ್ನು ಯಾವತ್ತೂ ತೆರೆದಿರಲಿಲ್ಲ. ತೆರೆದೆ. ನೂರ ಮೂವತ್ತಾರು ಜನ. ಮೊದಲನೆಯದು ನಾನು ನೀಲಿ ಗುಂಡಿ ಒತ್ತಿದ ದಿನ ಸಂಜೆಯದು.

ಸುಳ್ಳು ಹೇಳಿ ಎದ್ದು ಹೋಗಬಹುದಿತ್ತು. ಹೇಳಿಬಿಟ್ಟೆ.

“ಯಜಮಾನ್ರ, ಈ ಪೇಜ್ ಮಾಡಿದಾವ ನಾನ. ನೀವ್ ಕಳಿಸಿದ್ದು ಅಕ್ಕಗ ಮುಟ್ಟೇ ಇಲ್ಲ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಹಂಗಾದ್ರ ಸೊಕ್ಕು ಆಕಿಗಲ್ಲ, ನಿನಗ.”

“ಹೌದ್ರಿ.”

“ಹೌದಂತಾನ ನೋಡು!” ಪಕ್ಕದವರಿಗೆ ಹೇಳಿದರು. ಆಮೇಲೆ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. “ಎಲ್ಲೆಲ್ಲಿ ಕೆಟ್ಟೈತಿ ಪೂರಾ ನೋಡಕೋ. ಫೋಟೋ ಹೊಡಕೋ. ಟೀ ಕುಡಿ ಮೊದ್ಲ.”

ಅರ್ಧ ಗಂಟೆ ಅವರ ಫೋನ್ ನನ್ನ ಕೈಯಲ್ಲಿತ್ತು. ಪಕ್ಕದಲ್ಲಿದ್ದ ಇನ್ನಿಬ್ಬರ ಫೋನೂ ಇಸಿದುಕೊಟ್ಟರು. ಮೂರರಲ್ಲೂ ಅದೇ ಕಥೆ. ಟೀ ದುಡ್ಡು ಅವರೇ ಕೊಟ್ಟರು. ನಾನು ಕಂಪ್ಯೂಟರಿನ ಮುಂದೆ ಐದು ದಿನ ಕುಳಿತು ಕಾಣದಿದ್ದದ್ದನ್ನು ಅವರು ಒಂದು ಮಾತಿನಲ್ಲಿ ತೋರಿಸಿದರು. ಆ ಬೈಗುಳಕ್ಕೆ ನಾನು ಇವತ್ತಿಗೂ ಋಣಿ.

ಸಂಡೂರು ದಾಟಿ, ಅದಿರಿನ ಲಾರಿಗಳ ಹಿಂದೆ ಕೆಂಪು ಧೂಳು ತಿನ್ನುತ್ತಾ ನೇರ ನರ್ಸರಿಗೆ ಹೋದೆ. ಅಕ್ಕ ನೆರಳು ಪರದೆಯ ಕೆಳಗೆ ಟ್ರೇ ತಿರುಗಿಸಿ ಇಡುತ್ತಿದ್ದರು. ಕೆಲಸದ ಐವರು ಹೆಂಗಸರೂ ಇದ್ದರು. ನಿಂತಲ್ಲೇ ಎಲ್ಲಾ ಹೇಳಿದೆ. ನೀಲಿ ಗುಂಡಿ, ಮುಚ್ಚಿದ ನಂಬರ್, ನೂರ ಮೂವತ್ತಾರು ಜನ. ಊರೂರಲ್ಲಿ ನಿಮಗೆ ಸೊಕ್ಕು ಅನ್ನುತ್ತಿದ್ದಾರೆ ಎಂಬುದನ್ನೂ ಹೇಳಿದೆ.

ಅಕ್ಕ ಟ್ರೇ ಕೆಳಗಿಟ್ಟರು.

“ಈ ಬ್ಯಾಚ್ ಹೋದ್ರ ಏನಾಕ್ಕೈತಿ ಗೊತ್ತೇನ ನಿನಗ?”

“ಗೊತ್ತಿಲ್ರಿ.”

“ಈ ಪರದಿ ಬಿಚ್ಚತೀನಿ. ಇವರು ಐದೂ ಮಂದಿ ಮನೀಗೆ ಹೊಕ್ಕಾರ. ನಾ ತಿರುಗಿ ಏಜೆಂಟನ ಮುಂದ ಕೈ ಕಟ್ಟಿ ನಿಲ್ಲತೀನಿ. ಇಷ್ಟ.”

ನಾನು ತಲೆ ತಗ್ಗಿಸಿದೆ. ಬೈಯುತ್ತಾರೆ ಎಂದು ಕಾದೆ. ಬೈದರೆ ಹಗುರವಾಗುತ್ತಿತ್ತು. ಅವರು ಒಂದು ಸಸಿಯ ತುದಿ ಹಿಡಿದು ನೋಡಿದರು.

“ತಪ್ಪು ಯಾರದು ಅಂತ ಸಸಿಗೆ ಗೊತ್ತಿಲ್ಲ. ಅವು ಬೆಳಿಯಾಕತ್ತಾವ. ಎಂಟ್ ದಿನ ಇವನ್ನ ನಾ ಹಿಡೀತೀನಿ. ನೀ ಮಂದೀನ ಹಿಡಕೊಂಡ್ ಬಾ.”

ಸಸಿಯನ್ನು ಹಿಡಿಯುವುದು ಎಂದರೇನು ಎಂದು ಆಗ ನೋಡಿದೆ. ನೀರು ದಿನಕ್ಕೆ ಒಂದೇ ಹೊತ್ತು ಮಾಡಿದರು. ಗೊಬ್ಬರದ ನೀರು ನಿಲ್ಲಿಸಿದರು. ಟ್ರೇಗಳನ್ನು ನೆರಳಿನಿಂದ ಬಿಸಿಲಿಗೆ ತಂದರು. ಐವರು ಹೆಂಗಸರು ಕತ್ತರಿ ಹಿಡಿದು ಸಸಿಗಳ ತುದಿ ಚಿವುಟುತ್ತಾ ಹೋದರು. ಮೇಲಕ್ಕೆ ಹೋಗಬೇಕಾದ್ದು ಕಾಂಡಕ್ಕೆ ಇಳಿಯಲಿ ಎಂದು. ನಾನು ಕೆಡಿಸಿದ ದಿನಗಳನ್ನು ಅವರು ಕತ್ತರಿಯಿಂದ ಒಂದೊಂದಾಗಿ ವಾಪಸ್ ತರುತ್ತಿದ್ದರು.

ಅಲ್ಲೇ ಬೇವಿನ ಮರದ ಕೆಳಗೆ ಕುಳಿತೆ. ಮೊದಲು ನನ್ನ ತಲೆಗೆ ಬಂದದ್ದು ಚಿತ್ರವನ್ನು ಫೋನಿನ ಅಳತೆಗೆ ಸರಿಯಾಗಿ ಮತ್ತೆ ಮಾಡುವುದು. ನಂಬರನ್ನು ಬಲಕ್ಕೆ ಸರಿಸುವುದು. ಲ್ಯಾಪ್‌ಟಾಪ್ ತೆರೆದು ಅರ್ಧ ಮಾಡಿಯೂ ಬಿಟ್ಟೆ. ಆಮೇಲೆ ಕೈ ನಿಂತಿತು. ಇವತ್ತು ದುಂಡು ಫೋಟೋ ಎಡಕ್ಕೆ ಬಂತು. ನಾಳೆ ಕಂಪನಿಯವರು ಅದನ್ನು ಬಲಕ್ಕೆ ತಂದರೆ? ಗೋಡೆ ಅವರದು. ಬೋರ್ಡನ್ನು ನಾನು ಮೊಳೆ ಹೊಡೆದು ಕೂರಿಸಬಹುದು, ಪೇಜಿಗೆ ಮೊಳೆ ಇಲ್ಲ.

ಎಲ್ಲಾ ಕಿತ್ತುಹಾಕಿದೆ. ತಳಿ ಪಟ್ಟಿ, ನಕ್ಷೆ, ಬಾಣ, ಹಳದಿ ಅಕ್ಷರ. ಮೇಲಿನ ಚಿತ್ರಕ್ಕೆ ಬರೀ ಸಸಿ ಟ್ರೇಯ ಫೋಟೋ ಹಾಕಿದೆ, ಒಂದು ಅಕ್ಷರವೂ ಇಲ್ಲ. ಎಲ್ಲಿ ಕತ್ತರಿಸಿದರೂ ಸಸಿಯೇ ಕಾಣಬೇಕು. ಕರೆ ಗುಂಡಿಯನ್ನು ಹುಡುಕಿ ವಾಪಸ್ ಇಟ್ಟೆ. ನಂಬರನ್ನು ಪ್ರತಿ ಪೋಸ್ಟಿನ ಮೊದಲ ಸಾಲಿನಲ್ಲಿ ಅಕ್ಷರದಲ್ಲೇ ಬರೆದೆ, ಮುಟ್ಟಿದರೆ ಕರೆ ಹೋಗುವ ಹಾಗೆ. ಮುಗಿದ ಮೇಲೆ ಕೆಲಸದ ಹೆಂಗಸೊಬ್ಬರ ಫೋನ್ ಇಸಿದುಕೊಂಡು ನೋಡಿದೆ. ಅವರು ಪೇಜಿಗೆ ಹೊರಗಿನವರು. ಅವರಿಗೆ ಕಂಡರೆ ರೈತನಿಗೂ ಕಂಡ ಹಾಗೆ.

ಅಷ್ಟಕ್ಕೂ ಸಾಲದು ಅನ್ನಿಸಿತು. ಓದಲು ಬಾರದವರೂ ಇದ್ದಾರೆ.

“ಅಕ್ಕಾ, ನೀವ ಮಾತಾಡ್ರಿ. ವಿಡಿಯೋ ಮಾಡ್ತೀನಿ. ನಂಬರ್ ಬಾಯಿಂದ ಹೇಳ್ರಿ, ಎರಡ್ ಸಲ.”

“ನಾನಾ? ಮಾರಿ ನೋಡಿದ್ರ ಬರೋ ಮಂದೀನೂ ಓಡಿ ಹೊಕ್ಕಾರ.”

“ಸೀರಿ ಸೆರಗ ಸರಿ ಮಾಡ್ಕೊಳ್ಳಕ್ಕ, ಹೀರೋಯಿನ್ ಆಗಾಕತ್ತೀಯ!” ಕೆಲಸದ ಹೆಂಗಸರು ಕೂಗಿದರು.

“ಬಾಯ್ ಮುಚ್ಚಿ ತುದಿ ಚಿವುಟ್ರೇ!”

ಮೊದಲ ಸಲ ನಡುವೆ ಮೇಕೆ ನುಗ್ಗಿತು, ಅಕ್ಕ ನಂಬರ್ ಬಿಟ್ಟು ಮೇಕೆಯನ್ನು ಬೈದರು. ಎರಡನೇ ಸಲ ನಂಬರಿನ ಕೊನೆಯ ಎರಡು ಅಂಕಿ ಮರೆತರು. ಮೂರನೇ ಸಲ ಸರಿಯಾಯಿತು. ಅವರು ಹೇಳಿದ್ದು ಇಷ್ಟೇ: “ನೀವ್ ಕೇಳಿದ್ದು ನನಗ ಮುಟ್ಟಿಲ್ಲ. ನಾ ಉತ್ರ ಕೊಟ್ಟಿಲ್ಲ ಅಂತ ಸಿಟ್ಟಾಗಬ್ಯಾಡ್ರಿ. ಸಸಿ ಅದಾವ. ತುದಿ ಚಿವುಟಿ ಹಿಡದೀನಿ, ಸುಳ್ಳು ಹೇಳಂಗಿಲ್ಲ. ಬಂದು ಕಣ್ಣಿಂದ ನೋಡಿ ಒಯ್ರಿ.” ಆಮೇಲೆ ನಂಬರ್, ನಿಧಾನಕ್ಕೆ, ಎರಡು ಸಲ. ಬಣ್ಣ ಹಾಕಲಿಲ್ಲ, ಹಾಡು ಹಾಕಲಿಲ್ಲ. ಹಾಗೇ ಪೇಜಿಗೆ ಹಾಕಿದೆ.

ಮರುದಿನದಿಂದ ನೂರ ಮೂವತ್ತಾರು ಜನರಿಗೆ ಒಬ್ಬೊಬ್ಬರಿಗೇ ಉತ್ತರ ಕೊಟ್ಟೆ, ನಂಬರ್ ಕೊಟ್ಟವರಿಗೆ ಫೋನ್ ಮಾಡಿದೆ. ನಮ್ಮ ಅಂಗಡಿ ಮಾಲೀಕರಿಗೆ ವಿಷಯ ಹೇಳಿದ್ದೆ. ಅವರು ರಜೆ ಎಂದು ಬರೆಯಲಿಲ್ಲ. “ನಮ್ಮ ಅಂಗಡಿ ಬೋರ್ಡ್ ಅಂದ್ರ ನಮ್ಮ ಹೆಸರು ಲೇ. ಮುಗಿಸಿ ಬಾ,” ಅಂದರು. ಅವರಿಗೂ ನಾನು ಋಣಿ.

ಬೈಸಿಕೊಂಡದ್ದು ಭಾಳ. “ಈಗ ನೆನಪಾತೇನ್ರಿ?” “ನಾಟಿ ಮಾಡಿ ನಾಕ ದಿನ ಆತು, ಈಗ ನಿಮ್ ಸಸಿ ಎಮ್ಮಿಗೆ ಹಾಕ್ಲೇನು?” ಅರ್ಧಕ್ಕಿಂತ ಹೆಚ್ಚು ಜನ ಬೇರೆ ಕಡೆ ತೆಗೆದುಕೊಂಡಾಗಿತ್ತು. ಮೊದಲ ಎರಡು ದಿನ ಬಂದದ್ದು ಮೂರೇ ಗಾಡಿ. ಹಿಂದಿನ ಸಾಲಿನ ನಾನೂರು ಟ್ರೇ ಹಳದಿ ತಿರುಗಿದವು. ಅಕ್ಕ ಅವನ್ನು ತಿಪ್ಪೆಗೆ ಹಾಕಿಸಿದರು. ನಾನೂ ಹೊತ್ತೆ.

ಮೂರನೇ ದಿನ ಫೋನ್ ಶುರುವಾಯಿತು. ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು, ವಿಡಿಯೋ ನೋಡಿದೆವು ಎಂದು. ಎಲ್ಲಿ ನೋಡಿದಿರಿ ಎಂದು ಕೇಳಿದೆ. ನಮ್ಮೂರ ಗ್ರೂಪಿನಲ್ಲಿ ಬಂತು ಅಂದರು. ಯಾರು ಹಾಕಿದರು? ಚೋರನೂರಿನ ಯಜಮಾನರೊಬ್ಬರು. ಅವರು ಅದನ್ನು ತಮಗೆ ಗೊತ್ತಿದ್ದ ಗ್ರೂಪಿಗೆಲ್ಲ ಕಳಿಸಿದ್ದರು. ಕೆಳಗೆ ಅವರದೇ ದನಿಯಲ್ಲಿ ಒಂದು ಮಾತು ಸೇರಿಸಿದ್ದರು: “ಆ ಹೆಣ್ಮಗಳಿಗೆ ನಾ ಸೊಕ್ಕು ಅಂದಿದ್ದೆ. ತಪ್ಪಾತು. ತಪ್ಪು ಪೇಜ್ ಮಾಡಿದ ಹುಡುಗಂದು, ಅವನ ಬಂದು ಒಪ್ಪಿಗೊಂಡಾನ.” ನನ್ನ ಮಾನ ನಾಲ್ಕು ಊರಿಗೆ ಹಂಚಿ ಅಕ್ಕನ ಮಾನ ಉಳಿಸಿದ್ದರು. ನನಗೆ ಸಂತೋಷವೇ ಆಯಿತು.

ಆಮೇಲೆ ಗಾಡಿಗಳು ಸಾಲು ಹಿಡಿದವು. ಕಾಲುವೆಗೆ ನೀರೂ ಬಿಟ್ಟರು, ಕಂಪ್ಲಿ ಕಡೆಯವರೂ ಬಂದರು. ನಲವತ್ತೆಂಟನೇ ದಿನಕ್ಕೆ ಉಳಿದದ್ದು ನೂರೈವತ್ತು ಟ್ರೇ.

ಅದಕ್ಕೆ ಬಂದವರು ಆ ಯಜಮಾನರೇ. ತಮ್ಮೂರವರನ್ನೆಲ್ಲ ಮೊದಲು ಕಳಿಸಿ ತಾವು ಕೊನೆಗೆ ಬಂದಿದ್ದರು. ಗಾಡಿ ನಿಲ್ಲಿಸಿ, ನಮಸ್ಕಾರ ಗಿಮಸ್ಕಾರ ಏನಿಲ್ಲ, ನೇರ ಟ್ರೇ ಹತ್ತಿರ ಹೋದರು. ಒಂದು ಸಸಿ ಬುಡ ಹಿಡಿದು ಎಳೆದರು. ಮಣ್ಣು ಕೊಡವಿದರು. ಬೇರನ್ನು ಬೆಳಕಿಗೆ ಹಿಡಿದರು. ವಯಸ್ಸಾದ ಸಸಿಯಾದರೆ ಬೇರು ಕಂದು ತಿರುಗಿ ಸುತ್ತಿಕೊಂಡಿರುತ್ತದಂತೆ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಕೆಲಸದ ಹೆಂಗಸರೂ ನಿಂತರು.

“ನಲವತ್ತೆಂಟ್ ದಿನದ್ದಂತೀರಿ?”

“ಹೌದ್ರಿ. ಸುಳ್ಳು ಹೇಳಂಗಿಲ್ಲ.”

ಇನ್ನೊಂದು ಟ್ರೇಯಿಂದ ಇನ್ನೊಂದು ಎಳೆದರು.

“ಬೇರು ಇನ್ನೂ ಬೆಳ್ಳಗ ಅದಾವ,” ಅಂದರು. “ಏ ಪೇಜಿನ ಹುಡುಗಾ, ನಿಂತ್ ನೋಡ್ತೀಯೇನು? ಹೇರು ಗಾಡಿಗೆ.”

ನೂರೈವತ್ತು ಟ್ರೇ ಹೇರಿದೆವು. ಗಾಡಿ ರಸ್ತೆಗೆ ಇಳಿದ ಮೇಲೆ ಪರದೆಯ ಕೆಳಗೆ ಖಾಲಿ ನೆಲ ಅಷ್ಟೇ ಇತ್ತು. ಅಕ್ಕ ಪೈಪ್ ಹಿಡಿದು ಕಾಲು ತೊಳೆಯುತ್ತಿದ್ದರು. ಅವರ ಫೋನ್ ಬಡಿಯಿತು. ಒದ್ದೆ ಕೈಯಲ್ಲೇ ಎತ್ತಿದರು.

“ಇಲ್ರಿ, ಸಸಿ ಮುಗದಾವ. ಪೂರಾ ಮುಗದಾವ. ಹತ್ತ ದಿನಕ್ಕ ಮುಂದಿನದು ಬಿತ್ತತೀನಿ, ಅದರಾಗ ಕೊಡ್ತೀನಿ. ಹೆಸರ ಹೇಳ್ರಿ.”

ನನ್ನ ಕಡೆ ತಿರುಗಿದರು.

“ಬರಕೋ ತಮ್ಮಾ,” ಅಂದರು.